ವಿಂಡೋ ಸಮಾಸಪದವೇ? ಮಗಳ ಅರ್ಧ ಅಂಕದಿಂದ ಎದ್ದ ಪ್ರಶ್ನೆ

ಕಿಟಕಿ ಪಕ್ಕದ ಸೀಟು:

ಮೂರನೆಯ ತರಗತಿಯಲ್ಲಿರುವ ಮಗಳಿಗೆ ಮೊನ್ನೆ ಇಂಗ್ಲಿಷ್ ಪಾಠದಲ್ಲಿ ಎರಡು ಪದ ಸೇರಿ ಒಂದಾದ ಪದಗಳನ್ನು ಬಿಡಿಸಿ ಬರೆಯಲು ಕೊಟ್ಟಿದ್ದರು. ರೇನ್‌ಕೋಟ್, ಸನ್‌ಫ್ಲವರ್, ಫುಟ್‌ಬಾಲ್ ಎಲ್ಲ ಸರಿಯಾಗಿ ಬಿಡಿಸಿದ್ದಾಳೆ. ಕೊನೆಯಲ್ಲಿ, ನಿಮಗೆ ಗೊತ್ತಿರುವ ಇನ್ನೊಂದು ಪದವನ್ನು ಬರೆಯಿರಿ ಎಂದಿತ್ತು. ಇವಳು ‘ವಿಂಡೋ = ವಿಂಡ್ + ಓ’ ಎಂದು ಬರೆದು, ಪಕ್ಕದಲ್ಲಿ ಇರುವೆಯಷ್ಟು ಚಿಕ್ಕ ಅಕ್ಷರಗಳಲ್ಲಿ ‘ಗಾಳಿ ಬಂದರೆ ಓ ಅನ್ನುತ್ತೇವೆ’ ಎಂದು ವಿವರಣೆಯನ್ನೂ ಸೇರಿಸಿದ್ದಾಳೆ. ಅದರ ಮೇಲೆ ಕೆಂಪು ಶಾಯಿಯ ಗೀಟು ಬಿದ್ದಿದೆ. ‘ಇದು ಒಂದೇ ಪದ’ ಎಂದು ಷರಾ. ಅರ್ಧ ಅಂಕ ಹೋಯಿತು.

ಅಂಕದ ಬಗ್ಗೆ ನನಗೆ ತಕರಾರಿಲ್ಲ. ಆದರೆ ರಾತ್ರಿ ಊಟಕ್ಕೆ ಕುಳಿತಾಗ ಅವಳು, “ಹಾಗಾದರೆ ವಿಂಡೋದಲ್ಲಿ ವಿಂಡ್ ಏಕೆ ಇದೆ?” ಎಂದಳು. ನನ್ನ ಬಾಯಿ ಕಟ್ಟಿತು. ಬಲ್ಲವರು ಯಾರಾದರೂ ತಿಳಿಸುತ್ತೀರಾ?

ನಿವೃತ್ತ ಮೇಷ್ಟ್ರು:

ನಿಮ್ಮ ಮಗಳಿಗೆ ಆ ಅರ್ಧ ಅಂಕವನ್ನು ನಾನು ಕೊಡುತ್ತೇನೆ. ಮೊದಲರ್ಧ ಪೂರ್ತಿ ಸರಿ. ವಿಂಡೋದೊಳಗೆ ಇರುವುದು ಗಾಳಿಯೇ. ಆ ‘ಓ’ ಮಾತ್ರ ಉದ್ಗಾರವಲ್ಲ, ಸವೆದುಹೋದ ಒಂದು ಕಣ್ಣು.

ಈ ಪದ ಇಂಗ್ಲಿಷಿನ ಸ್ವಂತದ್ದಲ್ಲ. ಹಳೆಯ ನಾರ್ಸ್, ಅಂದರೆ ನಾರ್ವೆ, ಡೆನ್ಮಾರ್ಕ್ ಕಡೆಯಿಂದ ಕಡಲು ದಾಟಿ ಬಂದ ವೈಕಿಂಗರ ಭಾಷೆಯಲ್ಲಿ ಗಾಳಿಗೆ ವಿಂದ್ರ್, ಕಣ್ಣಿಗೆ ಔಗ. ಎರಡೂ ಸೇರಿ ವಿಂದೌಗ, ಗಾಳಿಗಣ್ಣು. ಹದಿಮೂರನೆಯ ಶತಮಾನದ ಇಂಗ್ಲಿಷ್ ಬರಹಗಳಲ್ಲಿ ಇದು ವಿಂಡೊಗೆ, ವಿಂಡೊವೆ ಎಂದೆಲ್ಲ ಕಾಣಿಸಿಕೊಳ್ಳುತ್ತದೆ. ಆಮೇಲೆ ನಡುವಿನ ಗಕಾರ ಕರಗಿ ವಕಾರವಾಯಿತು. ಇದು ಈ ಒಂದು ಪದಕ್ಕೆ ಮಾತ್ರ ಆದದ್ದಲ್ಲ. ಬಿಲ್ಲಿಗೆ ಹಳೆಯ ಇಂಗ್ಲಿಷಿನಲ್ಲಿದ್ದ ಬೊಗ ಇಂದು ಬೋ ಆಗಿದೆ, ಹಿಂಬಾಲಿಸು ಎಂಬ ಅರ್ಥದ ಫೊಲ್ಗಿಯನ್ ಫಾಲೋ ಆಗಿದೆ. ನಮ್ಮ ಹಳಗನ್ನಡದ ಪಾಲ್ ಹಾಲಾದಂತೆ, ಪುಲಿ ಹುಲಿಯಾದಂತೆ ಇದೂ ಸಾಲಾಗಿ ನಡೆದ ಬದಲಾವಣೆ.

ಕೀಲು ಕಾಣದಷ್ಟು ಬೆಸೆದುಕೊಂಡ ಸಮಾಸಗಳು ಕನ್ನಡದಲ್ಲಿಯೂ ಇವೆ. ಕಂಬನಿ ಎನ್ನುವಾಗ ಕಣ್ + ಪನಿ ಎಂದು ಎಷ್ಟು ಜನರಿಗೆ ಹೊಳೆಯುತ್ತದೆ? ವ್ಯಾಕರಣದ ಪುಸ್ತಕ ತೆರೆದಾಗಲೇ ಅಲ್ಲವೇ?

ಕಿಟಕಿ ಪಕ್ಕದ ಸೀಟು:

ಮೇಷ್ಟ್ರೇ, ಧನ್ಯವಾದ. ಗಾಳಿಗಣ್ಣು! ಮಗಳಿಗೆ ಹೇಳಿದೆ. “ಹಾಗಾದರೆ ಕಣ್ಣು ಯಾರದ್ದು, ಮನೆಯದೋ ಗಾಳಿಯದೋ?” ಎಂದು ಮರುಪ್ರಶ್ನೆ ಬಂದಿದೆ.

ನನ್ನದೂ ಒಂದಿದೆ. ವೈಕಿಂಗರು ಬರುವ ಮೊದಲು ಇಂಗ್ಲಿಷರ ಮನೆಗಳಿಗೆ ಕಿಟಕಿ ಇರಲಿಲ್ಲವೇ? ಇಷ್ಟು ಸಾಧಾರಣ ವಸ್ತುವಿನ ಹೆಸರನ್ನು ಹೊರಗಿನವರಿಂದ ಏಕೆ ಪಡೆಯಬೇಕಾಯಿತು?

ನಿವೃತ್ತ ಮೇಷ್ಟ್ರು:

ಕಿಟಕಿಯೂ ಇತ್ತು, ಹೆಸರೂ ಇತ್ತು. ಹಳೆಯ ಇಂಗ್ಲಿಷಿನಲ್ಲಿ ಎಯಾಗ್‌ಥಿರೆಲ್ ಎಂದರೆ ಕಣ್ಣುತೂತು, ಎಯಾಗ್‌ದುರು ಎಂದರೆ ಕಣ್ಣುಬಾಗಿಲು. ತೂತು ಎಂಬ ಅರ್ಥದ ಆ ಥಿರೆಲ್ ಇನ್ನೂ ಸತ್ತಿಲ್ಲ, ಮೂಗಿನಲ್ಲಿ ಅಡಗಿ ಕುಳಿತಿದೆ. ನಾಸ್ಟ್ರಿಲ್ ಎಂದರೆ ಮೂಗುತೂತು. ತೂರಿಕೊಂಡು ಹೋಗುವುದು ಎಂಬ ಅರ್ಥ ಮನಸ್ಸಿಗೆ ದಾಟಿ ಥ್ರಿಲ್ ಎಂಬ ಪದವಾಯಿತು.

ಇನ್ನು ಏಕೆ ಪಡೆದರು ಎಂಬುದಕ್ಕೆ ನನ್ನ ತಿಳಿವಳಿಕೆ ಇಷ್ಟು: ದಾಳಿಕೋರರಿಂದ ಜನ ಕಿಟಕಿಯ ಹೆಸರನ್ನು ಕಲಿಯುವುದಿಲ್ಲ, ನೆರೆಯವರಿಂದ ಕಲಿಯುತ್ತಾರೆ. 793ರಲ್ಲಿ ಲಿಂಡಿಸ್ಫಾರ್ನ್ ಮಠವನ್ನು ಸುಲಿದ ವೈಕಿಂಗರು ಬಂದ ಹಾಗೆಯೇ ಹೋದರು. 865ರಲ್ಲಿ ಇಳಿದ ದೊಡ್ಡ ಸೇನೆ ಹಾಗಲ್ಲ, ಅದರಲ್ಲಿ ಅನೇಕರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವದಲ್ಲಿ ಹೊಲ ಹಂಚಿಕೊಂಡು ನೆಲೆಸಿದರು. ಡರ್ಬಿ, ವಿಟ್ಬಿ ಎಂದು ‘ಬಿ’ಯಲ್ಲಿ ಕೊನೆಗೊಳ್ಳುವ ಊರುಗಳು ಅವರ ಗುರುತು. ಆ ಬಿ ಎಂದರೆ ಊರು, ಹಟ್ಟಿ. ಒಂದೇ ಬೀದಿಯಲ್ಲಿ ಎರಡು ಭಾಷೆಯವರು ಬಾಳಿದರೆ ಎಂತಹ ಪದಗಳು ಕೈಬದಲಾಗುತ್ತವೆ ನೋಡಿ: ಎಗ್, ನೈಫ್, ಸ್ಕಿನ್, ಸ್ಕೈ. ಕಡೆಗೆ ‘ಅವರು’ ಎನ್ನುವ ದೇ ಕೂಡ ನಾರ್ಸಿನದು. ಗಂಡ ಎಂಬ ಅರ್ಥದ ಹಸ್ಬೆಂಡ್ ಕೂಡ ಅಲ್ಲಿಯ ಸಮಾಸವೇ, ಹೂಸ್ ಎಂದರೆ ಮನೆ, ಬೋಂದಿ ಎಂದರೆ ಆ ಮನೆಯಲ್ಲಿ ನೆಲೆಯೂರಿದ ಒಕ್ಕಲಿಗ. ಮನೆಯ ಯಜಮಾನನ ಹೆಸರನ್ನೇ ಪಡೆದವರಿಗೆ ಕಿಟಕಿಯ ಹೆಸರು ಯಾವ ಲೆಕ್ಕ?

ಸಂಸ್ಕೃತಾಭಿಮಾನಿ:

ಎಲ್ಲರೂ ನಾರ್ವೆ, ಡೆನ್ಮಾರ್ಕ್ ಎಂದು ಸುತ್ತುತ್ತಿದ್ದೀರಿ. ನಮ್ಮ ಗವಾಕ್ಷ ಯಾರಿಗೂ ನೆನಪಾಗಲಿಲ್ಲವೇ? ಗೋ + ಅಕ್ಷಿ, ಗೋವಿನ ಕಣ್ಣು. ವೈಕಿಂಗರು ದೋಣಿ ಕಟ್ಟುವ ಎಷ್ಟೋ ಶತಮಾನ ಮೊದಲೇ ನಮ್ಮಲ್ಲಿ ಕಿಟಕಿಯನ್ನು ಕಣ್ಣು ಎಂದಿದ್ದರು. ಜೊತೆಗೆ ವಾತಾಯನ ಎಂದರೆ ಗಾಳಿಯ ದಾರಿ. ಒಂದರಿಂದ ಗಾಳಿ, ಇನ್ನೊಂದರಿಂದ ಕಣ್ಣು ತೆಗೆದುಕೊಂಡು ವಿಂದೌಗ ಮಾಡಿಕೊಂಡರು ಎಂದು ಒಪ್ಪಲು ಏನು ಕಷ್ಟ? ಅಕ್ಷಿಯೂ ಔಗವೂ, ವಾತವೂ ವಿಂಡೂ ಕೇಳಲು ಹತ್ತಿರವಾಗಿಯೇ ಇವೆ.

ಜನೆಲ್ ಬಾಯಿ:

ಶುರುವಾಯಿತು.

ಶಿರಸಿ ಸೀಮೆಯವ:

ಜಗಳಕ್ಕೆ ಮೊದಲು ಒಂದು ಮಾತು. ಗವಾಕ್ಷಿ ಎಂಬ ಪದ ನನಗೆ ಪುಸ್ತಕದಿಂದ ಬಂದದ್ದಲ್ಲ, ಅಡುಗೆಮನೆಯಿಂದ ಬಂದದ್ದು. ನಮ್ಮ ಹಳೆಯ ಮನೆಯಲ್ಲಿ ಗೋಡೆಯಲ್ಲಿದ್ದದ್ದು ಕಿಟಕಿ, ಮಾಡಿನಲ್ಲಿದ್ದದ್ದು ಗವಾಕ್ಷಿ. ಎರಡನ್ನೂ ಯಾರೂ ಬೆರೆಸುತ್ತಿರಲಿಲ್ಲ. ಒಲೆಯ ನೇರಕ್ಕೆ ನಾಲ್ಕು ಹೆಂಚು ತೆಗೆದು, ಮೇಲೊಂದು ಪುಟ್ಟ ಮಾಡು ಎತ್ತಿ ಬಿಟ್ಟ ಕಂಡಿ ಅದು. ಬೆಳಗ್ಗೆ ಒಂಬತ್ತರ ಹೊತ್ತಿಗೆ ಅಲ್ಲಿಂದ ಒಂದು ಬೆಳಕಿನ ಕೋಲು ಇಳಿದು ಹಿಂದಿನ ಗೋಡೆಗೆ ಒರಗುತ್ತಿತ್ತು. ಅಮ್ಮ ಹಸಿ ಸೌದೆ ತುರುಕಿದ ದಿನ ಹೊಗೆ ಆ ಕೋಲನ್ನೇ ತಬ್ಬಿಕೊಂಡು ಸುರುಳಿಸುರುಳಿಯಾಗಿ ಮೇಲೇರುವುದು ಕಾಣುತ್ತಿತ್ತು. ಕೋಲು ಗೋಡೆಯಿಂದ ಜಾರಿ ಮೆಟ್ಟುಗತ್ತಿಯ ಮಣೆಯನ್ನು ಮುಟ್ಟಿದರೆ ಅನ್ನಕ್ಕೆ ಎಸರಿಡುವ ಹೊತ್ತು. ಮಳೆಗಾಲದಲ್ಲಿ ಎರಚಲು ಹೊಡೆಯುವ ದಿನ ಅಪ್ಪ ಏಣಿ ಹತ್ತಿ ಅಡಿಕೆ ಹಾಳೆ ಮುಚ್ಚಿ ಬರುತ್ತಿದ್ದರು. ಅವತ್ತೆಲ್ಲ ಮನೆ ತುಂಬ ಹೊಗೆ, ಎಲ್ಲರ ಕಣ್ಣೂ ಕೆಂಪು.

ಈಗ ಮೇಷ್ಟ್ರಿಗೆ ನನ್ನ ಪ್ರಶ್ನೆ. ಅಷ್ಟು ಚಳಿಯ ನಾಡಿನವರು ಗಾಳಿ ಒಳಬರಲಿ ಎಂದು ಗೋಡೆಯಲ್ಲಿ ಕಣ್ಣು ತೆಗೆದಿರುತ್ತಾರೆಯೇ? ಅವರ ವಿಂದೌಗವೂ ನಮ್ಮ ಗವಾಕ್ಷಿಯ ಹಾಗೆ ಮಾಡಿನ ಕಂಡಿಯೇ ಆಗಿತ್ತೇ?

ನಿವೃತ್ತ ಮೇಷ್ಟ್ರು:

ಶಿರಸಿಯವರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಮೆಟ್ಟುಗತ್ತಿಯ ಗಡಿಯಾರ ಬಹಳ ಹಿಡಿಸಿತು.

ನಿಮ್ಮ ಊಹೆ ಸರಿಯಾದ ದಿಕ್ಕಿನಲ್ಲಿದೆ. ವೈಕಿಂಗರ ಕಾಲದ ಮನೆ ಉದ್ದನೆಯ ಒಂದೇ ಕೊಠಡಿ. ನಡುವೆ ನೆಲದ ಮೇಲೆಯೇ ಬೆಂಕಿ, ಹೊಗೆ ಹೋಗಲು ಮಾಡಿನಲ್ಲಿ ಕಂಡಿ. ನಿಮ್ಮ ತಂದೆಯವರು ಅಡಿಕೆ ಹಾಳೆ ಮುಚ್ಚಿದಂತೆ ಅವರು ಪ್ರಾಣಿಗಳ ತೆಳುವಾದ ಪೊರೆಯನ್ನು ಚೌಕಟ್ಟಿಗೆ ಬಿಗಿದು ಕಂಡಿಗೆ ಮುಚ್ಚುತ್ತಿದ್ದರು. ಬೆಳಕು ಮಂಕಾಗಿ ಒಳಬರುತ್ತಿತ್ತು, ಗಾಳಿಗೆ ತಡೆ. ನಾವು ವಿಂಡೋ ಎಂದೊಡನೆ ಗಾಜನ್ನು ಕಲ್ಪಿಸಿಕೊಳ್ಳುತ್ತೇವೆ, ಎಡವುವುದು ಅಲ್ಲಿಯೇ. ಇಂಗ್ಲೆಂಡಿನಲ್ಲಿ ಏಳನೆಯ ಶತಮಾನದಲ್ಲಿ ಮಂಕ್‌ವೇರ್‌ಮತ್ ಮಠ ಕಟ್ಟಿಸಿದ ಬೆನೆಡಿಕ್ಟ್ ಬಿಸ್ಕಪ್ ಎಂಬ ಮಠಾಧಿಪತಿ ಕಿಟಕಿಗೆ ಗಾಜು ಹಾಕಲು ಗಾಲ್ ದೇಶದಿಂದ, ಅಂದರೆ ಈಗಿನ ಫ್ರಾನ್ಸ್ ಕಡೆಯಿಂದ ಕುಶಲಕರ್ಮಿಗಳನ್ನು ಕರೆಸಬೇಕಾಯಿತು. ಊರಿನಲ್ಲಿ ಆ ವಿದ್ಯೆ ಬಲ್ಲವರೇ ಇರಲಿಲ್ಲ ಎಂದು ಇತಿಹಾಸಕಾರ ಬೀಡ್ ಬರೆದಿದ್ದಾನೆ. ಸಾಮಾನ್ಯರ ಮನೆಗೆ ಗಾಜು ಬರಲು ಇನ್ನೂ ಹಲವು ಶತಮಾನ ಬೇಕಾಯಿತು. ಅಲ್ಲಿಯವರೆಗೆ ಕಿಟಕಿ ಎಂದರೆ ಗಾಳಿ ಬರುವ ತೂತು. ಗಾಳಿಗಣ್ಣು ಎಂಬುದರಲ್ಲಿ ಕವಿತೆ ಏನೂ ಇಲ್ಲ, ಮನೆಯೊಳಗೆ ಕುಳಿತವನಿಗೆ ಬೆನ್ನಿಗೆ ತಗಲಿದ್ದನ್ನೇ ಹೇಳಿದ್ದಾರೆ.

ಸಂಸ್ಕೃತಾಭಿಮಾನಿಗಳಿಗೆ ರಾತ್ರಿ ಉತ್ತರಿಸುತ್ತೇನೆ. ಈಗ ವಾಯುವಿಹಾರದ ಹೊತ್ತು.

ಲಿಫಿ ದಂಡೆ:

ಡಬ್ಲಿನ್‌ನಿಂದ ನಮಸ್ಕಾರ. ಇಲ್ಲಿ ನನ್ನ ಮಗ ಶಾಲೆಯಲ್ಲಿ ಐರಿಷ್ ಕಲಿಯುತ್ತಿದ್ದಾನೆ. ಕಿಟಕಿಗೆ ಅವರು ಹೇಳುವುದು ಫ್ವಿನ್ಯೋಗ್. ಐರಿಷ್ ಭಾಷೆಗೂ ಇಂಗ್ಲಿಷಿಗೂ ದೂರದ ನಂಟು ಅಷ್ಟೇ, ಆದ್ದರಿಂದ ಇದು ಅಪ್ಪಟ ಐರಿಷ್ ಎಂದುಕೊಂಡಿದ್ದೆ. ನಿಘಂಟು ನೋಡಿದರೆ ಇದೂ ಅದೇ ವಿಂದೌಗ! ಡಬ್ಲಿನ್‌ನಲ್ಲಿ ವೈಕಿಂಗರು 841ರಲ್ಲಿ ದೋಣಿ ನಿಲ್ಲಿಸಿ ಪಾಳೆಯ ಹಾಕಿದರು, ಊರು ಬೆಳೆದದ್ದೇ ಅದರ ಸುತ್ತ. ಸ್ಕಾಟ್ಲೆಂಡಿನ ಗೇಲಿಕ್‌ನಲ್ಲಿ ಉನ್ಯಾಗ್ ಎನ್ನುತ್ತಾರೆ, ಅದೂ ಇದೇ ಬಳಗ. ಡೇನರು ಇಂದಿಗೂ ವಿಂದು ಎನ್ನುತ್ತಾರೆ.

ತಮಾಷೆ ಏನೆಂದರೆ ಪಕ್ಕದ ಸ್ವೀಡನ್ನಿನವರು ತಮ್ಮದೇ ಹಳೆಯ ಪದವನ್ನು ಬಿಟ್ಟು ಫೋನ್‌ಸ್ಟರ್ ಎನ್ನುತ್ತಾರೆ. ಅಜ್ಜನ ಪಾತ್ರೆ ತೌರಿನಲ್ಲಿ ಸಿಗದೆ ನೆರೆಮನೆಯ ಅಟ್ಟದಲ್ಲಿ ಸಿಕ್ಕಂತೆ.

ಜನೆಲ್ ಬಾಯಿ:

ಫೋನ್‌ಸ್ಟರ್ ಲ್ಯಾಟಿನ್ನಿನ ಫೆನೆಸ್ಟ್ರಾದಿಂದ ಬಂದದ್ದು. ಜರ್ಮನ್ನಿನ ಫೆನ್‌ಸ್ಟರ್, ಫ್ರೆಂಚಿನ ಫೆನೆತ್ರ್ ಎಲ್ಲ ಅದರ ಸಂತಾನ. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫೆನೆಸ್ಟರ್ ಅಲ್ಲಿಗೂ ಬಂತು, ವಿಂಡೋ ಪಕ್ಕದಲ್ಲಿ ಹದಿನಾರನೆಯ ಶತಮಾನದವರೆಗೂ ಬದುಕಿತ್ತು. ಆಮೇಲೆ ಸೋತಿತು. ಇಂದು ಉಳಿದಿರುವುದು ಒಬ್ಬರನ್ನು ಕಿಟಕಿಯಿಂದ ಎತ್ತಿ ಹೊರಗೆಸೆಯುವುದಕ್ಕೆ ಇರುವ ಡಿಫೆನೆಸ್ಟ್ರೇಷನ್ ಎಂಬ ಗಂಭೀರ ಪದದಲ್ಲಿ. 1618ರಲ್ಲಿ ಪ್ರಾಗ್ ಕೋಟೆಯಲ್ಲಿ ಚಕ್ರವರ್ತಿಯ ಅಧಿಕಾರಿಗಳನ್ನು ಹಾಗೆ ಎಸೆದರು, ಅಲ್ಲಿಂದ ಮೂವತ್ತು ವರ್ಷಗಳ ಯುದ್ಧಕ್ಕೆ ಕಿಡಿ ಬಿತ್ತು. ಎಸೆಸಿಕೊಂಡವರು ಬದುಕಿದರು.

ನಮ್ಮ ಮನೆಯಲ್ಲಿ ಕೊಂಕಣಿ. ಕಿಟಕಿಗೆ ಜನೆಲ್. ಪೋರ್ಚುಗೀಸರ ಜನೆಲಾದಿಂದ ಬಂದದ್ದು. ತಮಿಳಿನ ಜನ್ನಲ್, ಬಂಗಾಳಿಯ ಜಾನಾಲಾ ಕೂಡ ಅದೇ ಹಡಗಿನಲ್ಲಿ ಇಳಿದವು. ಲ್ಯಾಟಿನ್ನಿನಲ್ಲಿ ಯಾನುವಾ ಎಂದರೆ ಬಾಗಿಲು, ಅದರ ಮರಿ ಈ ಜನೆಲಾ, ಅಂದರೆ ಪುಟ್ಟ ಬಾಗಿಲು. ನಮ್ಮ ಪುಟ್ಟ ಬಾಗಿಲಿನಲ್ಲಿ ಗಾಳಿಯೂ ಇಲ್ಲ, ಕಣ್ಣೂ ಇಲ್ಲ. ಅಂದಹಾಗೆ ಕನ್ನಡದ ಕಿಟಕಿಯೂ ಕನ್ನಡದ್ದಲ್ಲ, ಮರಾಠಿ, ಹಿಂದಿಯ ಖಿಡಕಿಯ ತಂಗಿ. ಉತ್ತರ ಕರ್ನಾಟಕದವರ ಬಾಯಲ್ಲಿ ಅದು ಇನ್ನೂ ಕಿಡಕಿಯೇ.

ನಿವೃತ್ತ ಮೇಷ್ಟ್ರು:

ವಾಯುವಿಹಾರ ಮುಗಿಯಿತು. ಸಂಸ್ಕೃತಾಭಿಮಾನಿಗಳೇ, ನಿಮ್ಮ ಕಿವಿ ಸುಳ್ಳು ಹೇಳಿಲ್ಲ, ತೀರ್ಪು ಮಾತ್ರ ಅವಸರದ್ದು. ವಾತ, ಲ್ಯಾಟಿನ್ನಿನ ವೆಂಟುಸ್, ಇಂಗ್ಲಿಷಿನ ವಿಂಡ್ ಇವು ಮೂರೂ ‘ಬೀಸು’ ಎಂಬ ಅರ್ಥದ ಒಂದೇ ಮೂಲದಿಂದ ಹೊರಟವು. ಅಕ್ಷಿ, ಲ್ಯಾಟಿನ್ನಿನ ಓಕುಲುಸ್, ರಷ್ಯನ್ನರ ಓಕೊ ಒಂದೇ ಬಳಗ. ಔಗ ಮತ್ತು ಇಂಗ್ಲಿಷಿನ ಐ ಕೂಡ ಅಲ್ಲಿಯವೇ. ಇಂಗ್ಲಿಷ್, ಜರ್ಮನ್, ನಾರ್ಸ್ ಸೇರಿದ ಜರ್ಮನಿಕ್ ಭಾಷೆಗಳಲ್ಲಿ ಮೊದಲ ಸ್ವರ ಮಾತ್ರ ದಾರಿ ತಪ್ಪಿದೆ, ಕಿವಿಗಿದ್ದ ಪದದ ಸಹವಾಸದಿಂದ ಹಾಗಾಯಿತು ಎನ್ನುತ್ತಾರೆ. ಅಂತೂ ಬಿಡಿಬಿಡಿಯಾಗಿ ಎರಡು ತುಂಡುಗಳೂ ಸಂಸ್ಕೃತದ ದಾಯಾದಿಗಳು. ಮಕ್ಕಳಲ್ಲ, ದಾಯಾದಿಗಳು.

ಆದರೆ ತುಂಡುಗಳು ನೆಂಟರಾದರೆ ಜೋಡಣೆಯೂ ನೆಂಟಸ್ತಿಕೆಯಿಂದ ಬಂತು ಎನ್ನಲಾಗದು. ಪಟ್ಟಿ ಮಾಡಿ ನೋಡಿ. ಗಾಥಿಕ್ ಎಂಬ ಹಳೆಯ ಜರ್ಮನಿಕ್ ಭಾಷೆಯ ನಾಲ್ಕನೆಯ ಶತಮಾನದ ಬೈಬಲ್‌ನಲ್ಲಿ, ಸಂತ ಪೌಲನನ್ನು ಡಮಾಸ್ಕಸ್ಸಿನ ಗೋಡೆಯಿಂದ ಬುಟ್ಟಿಯಲ್ಲಿ ಇಳಿಸಿದ ಪ್ರಸಂಗದಲ್ಲಿ, ಕಿಟಕಿಗೆ ಔಗದೌರೊ ಎಂದಿದೆ, ಕಣ್ಣುಬಾಗಿಲು. ಹಳೆಯ ಇಂಗ್ಲಿಷಿನಲ್ಲಿ ಕಣ್ಣುತೂತು. ರಷ್ಯನ್ನರು ಕಣ್ಣೊಂದನ್ನೇ ಹಿಡಿದು ಅಕ್ನೋ ಎಂದರು. ಸ್ಪ್ಯಾನಿಷರು ಗಾಳಿಯೊಂದನ್ನೇ ಹಿಡಿದು ವೆಂತಾನಾ ಎಂದರು. ನಾರ್ಸಿನವರು ಎರಡನ್ನೂ ಸೇರಿಸಿದರು, ನಮ್ಮವರು ಹಸುವನ್ನು ಕರೆತಂದರು. ಒಂದೇ ಸಮಾಸ ಒಂದೇ ಕಡೆಯಿಂದ ಹರಡಿದ್ದರೆ ಇಷ್ಟು ಬಗೆ ಇರುತ್ತಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಮನೆಯ ಗೋಡೆ ನೋಡಿ ತಾವೇ ಹೆಸರಿಟ್ಟಿದ್ದಾರೆ.

ಸಂಸ್ಕೃತಾಭಿಮಾನಿ:

ಆದರೂ ಎಲ್ಲರಿಗೂ ಕಣ್ಣೇ ಹೊಳೆಯಬೇಕೆಂದರೆ ಮೂಲದಲ್ಲಿ ಏನೋ ಒಂದು ನಂಟು ಇರಲೇಬೇಕಲ್ಲವೇ? ಕಾಕತಾಳೀಯ ಎಂದು ತಳ್ಳಿಹಾಕುವುದು ಸುಲಭ.

ಶಿರಸಿ ಸೀಮೆಯವ:

ಇದಕ್ಕೆ ನಾನು ಹೇಳಲೇ? ಕನ್ನಡ ಆ ಬಳಗದ್ದಲ್ಲ, ದ್ರಾವಿಡ. ಆದರೂ ಜರಡಿಯ ತೂತಿಗೆ ನಾವು ಕಣ್ಣು ಎನ್ನುತ್ತೇವೆ. ಬಲೆಗೆ ಕಣ್ಣು, ಸೂಜಿಗೆ ಕಣ್ಣು, ತೆಂಗಿನಕಾಯಿಗೆ ಮೂರು ಕಣ್ಣು. ತೂತನ್ನು ಕಂಡು ಕಣ್ಣು ನೆನಪಾಗಲು ಹಳೆಯ ನಂಟು ಬೇಕಿಲ್ಲ, ಮುಖದ ಮೇಲೆ ಎರಡು ಕಣ್ಣಿದ್ದರೆ ಸಾಕು.

ಕಿಟಕಿ ಪಕ್ಕದ ಸೀಟು:

ಮುಖ ಎಂದಾಗ ಹೊಳೆಯಿತು. ಬಾಗಿಲು ಎಂಬುದರಲ್ಲಿ ಬಾಯಿ ಇದೆಯೇ?

ನಿವೃತ್ತ ಮೇಷ್ಟ್ರು:

ಇದೆ. ತಮಿಳಿನ ವಾಯಿಲ್, ತೆಲುಗಿನ ವಾಕಿಲಿ, ನಮ್ಮ ಬಾಗಿಲು ಇವುಗಳನ್ನು ಬಾಯಿ ಎಂಬ ಅರ್ಥದ ವಾಯ್ ಜೊತೆ ಇಟ್ಟು ನೋಡುವುದು ವಾಡಿಕೆ. ಅಂದರೆ ಮನೆಗೆ ನಾವು ಬಾಯಿ ಕೊಟ್ಟೆವು, ಅವರು ಕಣ್ಣು ಕೊಟ್ಟರು. ಶಿರಸಿಯವರು ನನ್ನ ಕೆಲಸವನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದಾರೆ, ನಾನು ಇಷ್ಟುದ್ದ ಬರೆದದ್ದು ದಂಡ.

ಸಂಸ್ಕೃತಾಭಿಮಾನಿ:

ಸೂಜಿಕಣ್ಣಿನ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ, ಒಪ್ಪಿದೆ. ಆದರೆ ಗವಾಕ್ಷವನ್ನು ಇಷ್ಟಕ್ಕೆ ಬಿಡುವುದಿಲ್ಲ. ಪಾಣಿನಿಯಲ್ಲಿ ‘ಅಕ್ಷ್ಣೋಽದರ್ಶನಾತ್’ ಎಂದೊಂದು ಸೂತ್ರವಿದೆ. ಸಮಾಸದ ಕೊನೆಯಲ್ಲಿ ಬರುವ ಅಕ್ಷಿ ನಿಜವಾಗಿ ನೋಡುವ ಕಣ್ಣಲ್ಲದಿದ್ದರೆ ಅದು ಅಕ್ಷ ಎಂದು ಅಕಾರಾಂತವಾಗುತ್ತದೆ. ಆದ್ದರಿಂದಲೇ ಗವಾಕ್ಷ. ಇನ್ನು ಗೋ ಎಂಬುದು ಗವ ಆಗುವುದಕ್ಕೆ ‘ಅವಙ್ ಸ್ಫೋಟಾಯನಸ್ಯ’ ಎಂಬ ಬೇರೆ ಸೂತ್ರ. ಕಿಟಕಿಯ ಕಣ್ಣು ಕಾಣದ ಕಣ್ಣು ಎಂಬುದನ್ನು ವ್ಯಾಕರಣದೊಳಗೇ ಇಟ್ಟಿದ್ದಾರೆ. ನಿಮ್ಮ ವೈಕಿಂಗರಲ್ಲಿ ಇಂತಹದ್ದು ಇದ್ದರೆ ತೋರಿಸಿ.

ನಿವೃತ್ತ ಮೇಷ್ಟ್ರು:

ಇಲ್ಲ ಸ್ವಾಮಿ, ಇದರ ಮುಂದೆ ವೈಕಿಂಗರು ಸೋತರು. ಇಷ್ಟು ಹೊತ್ತು ಇದನ್ನು ಎಲ್ಲಿ ಬಚ್ಚಿಟ್ಟಿದ್ದಿರಿ? ಮೊದಲೇ ಹಾಕಿದ್ದರೆ ಜಗಳವೇ ಇರುತ್ತಿರಲಿಲ್ಲ. ಒಂದು ಚಿಕ್ಕ ಕೊಸರು ಮಾತ್ರ: ಪಾಣಿನಿ ಕಷ್ಟಪಟ್ಟು ಗವಾಕ್ಷ ಮಾಡಿಸಿದ್ದನ್ನು ಕನ್ನಡದ ಮನೆಗಳು ಮತ್ತೆ ಗವಾಕ್ಷಿ ಮಾಡಿವೆ. ಶಿರಸಿಯವರ ಅಡುಗೆಮನೆಯಲ್ಲಿ ಆ ಕಣ್ಣು ನೋಡುತ್ತಲೇ ಇತ್ತು ಎಂದಾಯಿತು.

ಕಲ್ಲು ಕೆತ್ತನೆ:

ಗವಾಕ್ಷ ಎಂದರೆ ಕಲೆಯ ಇತಿಹಾಸ ಓದುವವರಿಗೆ ತೂತೇ ಇರಬೇಕಾಗಿಲ್ಲ. ಕುದುರೆಲಾಳದ ಆಕಾರದ ಕಮಾನನ್ನೂ ಹಾಗೆಯೇ ಕರೆಯುತ್ತಾರೆ. ಬೌದ್ಧ ಚೈತ್ಯಗಳ ಮುಂಭಾಗದ ಮರದ ಕಮಾನು ಕಿಟಕಿ ಕಲ್ಲಿಗೆ ಇಳಿದು, ಕುಗ್ಗುತ್ತಾ ಕುಗ್ಗುತ್ತಾ ಅಲಂಕಾರವಾಯಿತು. ಪಟ್ಟದಕಲ್ಲಿನ ಗಳಗನಾಥ, ಪಾಪನಾಥ ದೇಗುಲಗಳ ಶಿಖರ ನೋಡಿ, ಗವಾಕ್ಷಗಳು ಒಂದಕ್ಕೊಂದು ಹೆಣೆದುಕೊಂಡು ಜೇಡರ ಬಲೆಯಂತಾಗಿವೆ. ಬೆಳಕು ಬಿಡುವ ನಿಜವಾದ ಕಲ್ಲಿನ ಕಿಟಕಿಗೆ ನಾವು ಜಾಲಂಧ್ರ ಎನ್ನುತ್ತೇವೆ. ಬೇಲೂರಿನ ನವರಂಗದೊಳಗೆ ಸಂಜೆ ನಿಂತವರಿಗೆ ಅದು ಗೊತ್ತು.

ತರ್ಲೆ ತಿಮ್ಮ:

ಇಂಗ್ಲೆಂಡಿನಲ್ಲಿ ಕಿಟಕಿಗೂ ತೆರಿಗೆ ಇತ್ತಂತೆ, ಜನ ಕಿಟಕಿ ಮುಚ್ಚಿಸಿಕೊಂಡರಂತೆ, ಅದಕ್ಕೇ ಹಗಲುದರೋಡೆ ಎಂಬ ಅರ್ಥದ ಡೇಲೈಟ್ ರಾಬರಿ ಹುಟ್ಟಿತಂತೆ. ಬೆಳಕನ್ನೇ ಕದ್ದರು ಎಂದು. ನಿಜವೇ?

ಜನೆಲ್ ಬಾಯಿ:

ತೆರಿಗೆ ನಿಜ, 1696ರಿಂದ 1851ರವರೆಗೆ ಇತ್ತು. ಇಟ್ಟಿಗೆಯಿಂದ ಮುಚ್ಚಿದ ಕಿಟಕಿಗಳು ಅಲ್ಲಿಯ ಹಳೆಯ ಮನೆಗಳಲ್ಲಿ ಇಂದಿಗೂ ಕಾಣುತ್ತವೆ. ಮಾತಿನ ಕಥೆ ಮಾತ್ರ ಬುರುಡೆ. ವಿಪರೀತ ಬೆಲೆ ಕೀಳುವುದು ಎಂಬ ಅರ್ಥದಲ್ಲಿ ಆ ಮಾತು ಸಿಗುವುದು ತೆರಿಗೆ ಹೋಗಿ ದಶಕಗಳಾದ ಮೇಲೆ. ಹಾಡಹಗಲೇ ದರೋಡೆ ಎಂಬ ನೇರ ಅರ್ಥವೇ ಸಾಕು. ಇಂತಹ ಕಥೆ ಕಟ್ಟುವುದರಲ್ಲಿ ಇಂಗ್ಲಿಷರು ನಮಗಿಂತ ಕಡಿಮೆಯಿಲ್ಲ. ಹದಿನೇಳನೆಯ ಶತಮಾನದಲ್ಲಿ ಕೆಲವರು ವಿಂಡೋವನ್ನು ವಿಂಡೋರ್ ಎಂದೇ ಬರೆದರು. ಗಾಳಿ ಗೊತ್ತಾಯಿತು, ಉಳಿದರ್ಧ ಡೋರ್ ಇರಬೇಕು ಎಂದುಕೊಂಡರು.

ಕಿಟಕಿ ಪಕ್ಕದ ಸೀಟು:

ಹಾಗಾದರೆ ನನ್ನ ಮಗಳು ಒಬ್ಬಳೇ ಅಲ್ಲ! ಅವರು ಡೋರ್ ಎಂದರು, ಇವಳು ಓ ಎಂದಳು.

ನಿನ್ನೆ ರಾತ್ರಿ ಎಲ್ಲವನ್ನೂ ಓದಿ ಹೇಳಿದೆ. ವೈಕಿಂಗರು ಹಿಡಿಸಿದರು, ಪಾಣಿನಿಗೆ ಆಕಳಿಸಿದಳು (ಸಂಸ್ಕೃತಾಭಿಮಾನಿಗಳು ಕ್ಷಮಿಸಬೇಕು). ಟೀಚರ್ ಹತ್ತಿರ ಮಾತನಾಡಲೇ ಎಂದು ಕೇಳಿದ್ದಕ್ಕೆ ಬೇಡವೆಂದಳು, ಅವರು ಒಳ್ಳೆಯವರಂತೆ. ಈಗ ಅವಳಿಗೆ ಬೇರೆ ಹುಚ್ಚು ಹಿಡಿದಿದೆ. ಕಂಡ ಕಂಡ ಇಂಗ್ಲಿಷ್ ಪದದಲ್ಲೆಲ್ಲ ಕಣ್ಣು ಹುಡುಕುತ್ತಿದ್ದಾಳೆ. ಇವತ್ತು ಬೆಳಗ್ಗೆ ಬಸ್ಸಿಗೆ ಕಾಯುವಾಗ ಕೇಳಿದ್ದು: ಡೇಸಿ ಹೂವಿನಲ್ಲಿ ಡೇ ಇದೆಯಲ್ಲ, ಉಳಿದ ಸಿ ಏನು?

ನಿವೃತ್ತ ಮೇಷ್ಟ್ರು:

ಅಮ್ಮಣ್ಣಿಗೆ ಹೇಳಿ, ಅಲ್ಲಿಯೂ ಕಣ್ಣೇ. ಹಳೆಯ ಇಂಗ್ಲಿಷಿನಲ್ಲಿ ಅದು ದೇಯೆಸ್ ಎಯಾಗೆ, ಹಗಲಿನ ಕಣ್ಣು. ಬೆಳಗ್ಗೆ ಬಿಚ್ಚಿಕೊಂಡು ಸಂಜೆ ಮುಚ್ಚಿಕೊಳ್ಳುವ ಹೂವು. ಕೊನೆಯ ಆ ‘ಸಿ’ಯಲ್ಲಿ ಸಕಾರ ಹಗಲಿಗೆ ಹತ್ತಿದ ಷಷ್ಠಿ, ಇಕಾರ ಮಾತ್ರ ಕಣ್ಣು. ಷಷ್ಠಿ ಎಂದರೇನು ಎಂದು ಕೇಳಿದರೆ ನೀವೇ ಹೇಳಿಕೊಡಿ, ನನಗೆ ನಾಳೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇದೆ. ಹದಿನೈದು ದಿನ ಪರದೆ ನೋಡಬಾರದಂತೆ.